ಅಪ್‌ಡೇಟ್: 1918ರ ಬೆಳ್ಳಿ ರೂಪಾಯಿಯ ಹಸಿರು ಅಂಟು ಹೋಯ್ತು, ಗ್ರೇಡೂ ಗೊತ್ತಾಯ್ತು

ಐದನೇ ಜಾರ್ಜ್ ರೂಪಾಯಿ ಮೇಲಿನ ಹಸಿರು ಜಿಗುಟನ್ನು ತೆಗೆಯುವುದು ಹೇಗೆ, ಅದರ ಗ್ರೇಡ್ (ಎಷ್ಟು ಸವೆದಿದೆ ಎಂಬ ದರ್ಜೆ) ಯಾವುದು ಎಂದು ಹಿಂದೆ ಕೇಳಿದ್ದೆ. ಬಂದ ಸಲಹೆಗಳಲ್ಲಿ ಅಸಿಟೋನ್ (ಬೇಗ ಬೆಂಕಿ ಹತ್ತುವ ದ್ರಾವಕ) ಸಲಹೆಯೇ ಗೆದ್ದಿತು. ಗಾಜಿನ ಬಟ್ಟಲಲ್ಲಿ ಹತ್ತು ನಿಮಿಷ ನೆನೆಸಿ, ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ಉಜ್ಜದೆ ಒಣಗಿಸಿದ್ದು. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ. ನೈಲ್ ಪಾಲಿಶ್ ರಿಮೂವರ್ ಎಣ್ಣೆಪಸೆ ಬಿಟ್ಟಿತು. ಹುಣಸೆಹಣ್ಣಿನ ಸಲಹೆ ಮುಟ್ಟಲಿಲ್ಲ. ದೇವರ ಪಾತ್ರೆಗೆ ಸರಿ, ನಾಣ್ಯದ ಮೂಲ ಹೊಳಪನ್ನೇ ತಿನ್ನುತ್ತದೆ.

ಅಚ್ಚರಿಯೆಂದರೆ, ಅದು ಕಿಲುಬಲ್ಲ, ನಾಣ್ಯ ಇಟ್ಟಿದ್ದ ಪಿವಿಸಿ ಪ್ಲಾಸ್ಟಿಕ್ ಕವರ್ ಬಿಟ್ಟ ಅಂಟು! ನಮ್ಮ ತೀರ್ಥಹಳ್ಳಿ ಮಳೆಗಾಲದ ತೇವಕ್ಕೆ ಅದು ಇನ್ನೂ ಬೇಗ ಅಂಟು ಬಿಡುತ್ತದೆ. ತೂಕ 11.6 ಗ್ರಾಂ, ಸರಿಯಿದೆ. ಒಂದೇ ದೀಪದಡಿ ಓರೆ ಮಾಡಿದಾಗ ಅಕ್ಷರಗಳ ಸಂದಿಯಲ್ಲಷ್ಟೇ ಹೊಳಪು ತಿರುಗಿತು, ಅಂದರೆ ಮೂಲ ಹೊಳಪು ಅಲ್ಲಿ ಮಾತ್ರ ಉಳಿದಿದೆ. ಕಿರೀಟ, ಗಡ್ಡ ತುಸು ಸವೆದಿವೆ. ಹಾಗಾಗಿ ಗ್ರೇಡ್ ಎಕ್ಸ್‌ಟ್ರೀಮ್ಲಿ ಫೈನ್ (ತುಸುವೇ ಸವೆದದ್ದು), ಅನ್‌ಸರ್ಕ್ಯುಲೇಟೆಡ್ (ಚಲಾವಣೆಯಲ್ಲಿ ಸವೆಯದ್ದು) ಅಲ್ಲ. ಈಗ ಮೈಲಾರ್ (ಪಿವಿಸಿ ಇಲ್ಲದ ಪ್ಲಾಸ್ಟಿಕ್) ಕವರ್, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ.