ಸ್ಪೈರೋಮೀಟರ್‌ನಲ್ಲಿ ಟೋಟಲ್ ಲಂಗ್ ಕೆಪ್ಯಾಸಿಟಿ ಯಾಕೆ ಸಿಗುವುದಿಲ್ಲ?

ಜಯನಗರ_ಫಿಸಿಯೋ:
ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದೇನೆ, ಮೊದಲ ವರ್ಷ. ಲ್ಯಾಬ್‌ನಲ್ಲಿ ಸ್ಪೈರೋಮೀಟರ್ (ಉಸಿರಿನ ಗಾಳಿ ಅಳೆಯುವ ಮೆಷಿನ್) ಊದಿದಾಗ ಟೈಡಲ್ ವಾಲ್ಯೂಮ್ (ಒಂದು ಮಾಮೂಲಿ ಉಸಿರಿನ ಗಾಳಿ) ಸುಮಾರು 500 ಮಿಲಿ ಬಂತು, ವೈಟಲ್ ಕೆಪ್ಯಾಸಿಟಿಯೂ (ಪೂರ್ತಿ ಎಳೆದು ಪೂರ್ತಿ ಬಿಟ್ಟ ಗಾಳಿ) ಸಿಕ್ಕಿತು. ಟೋಟಲ್ (ಪೂರ್ತಿ ಉಸಿರೆಳೆದಾಗ ಶ್ವಾಸಕೋಶದಲ್ಲಿರುವ ಒಟ್ಟು ಗಾಳಿ) ಮಾತ್ರ ಇದರಲ್ಲಿ ಬರುವುದಿಲ್ಲ ಎಂದರು. ಯಾಕೆ?

ಉಸಿರು_ಮೇಷ್ಟ್ರು:
ಎಷ್ಟೇ ಜೋರಾಗಿ ಊದಿದರೂ ಶ್ವಾಸಕೋಶದಲ್ಲಿ ಸುಮಾರು 1.2 ಲೀಟರ್ ಗಾಳಿ ಉಳಿದೇ ಇರುತ್ತದೆ. ಅದೇ ರೆಸಿಡ್ಯುಯಲ್ ವಾಲ್ಯೂಮ್; ವೈಟಲ್ ಕೆಪ್ಯಾಸಿಟಿಗೆ ಇದನ್ನು ಕೂಡಿಸಿದರೇ ಟೋಟಲ್. ಹೊರಗೇ ಬಾರದ ಗಾಳಿಯನ್ನು ಮೆಷಿನ್ ಹೇಗೆ ಅಳೆಯುತ್ತದೆ, ಅಲ್ವಾ?

ಮಲ್ಲೇಶ್ವರಂ_ಪಿಜಿ:
ಅದಕ್ಕೇ ಹೀಲಿಯಂ ಬೇಕು. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಮೆಷಿನ್‌ನಲ್ಲಿ 6 ಲೀಟರ್ ಗಾಳಿ, ಅದರಲ್ಲಿ 10% ಹೀಲಿಯಂ ಇದೆ ಅಂದುಕೊಳ್ಳಿ. ಮಾಮೂಲಿ ಉಸಿರು ಬಿಟ್ಟ ಕೊನೆಯಲ್ಲಿ ಬಾಯಿಗೆ ಜೋಡಿಸಿ, ಎಲ್ಲ ಚೆನ್ನಾಗಿ ಬೆರೆಯುವವರೆಗೆ ಉಸಿರಾಡಿಸಿದಾಗ ಅದು 7.5%ಕ್ಕೆ ಇಳಿದರೆ ಒಟ್ಟು 8 ಲೀಟರ್ ಆಯಿತು. ಅಂದರೆ ಎಫ್‌ಆರ್‌ಸಿ (ಮಾಮೂಲಿ ಉಸಿರು ಬಿಟ್ಟ ಮೇಲೆ ಒಳಗೆ ಉಳಿಯುವ ಗಾಳಿ) 2 ಲೀಟರ್. ಅದರಿಂದ ಎಕ್ಸ್‌ಪಿರೇಟರಿ ರಿಸರ್ವ್ (ಆಮೇಲೂ ಜೋರಾಗಿ ಊದಿ ಹೊರಹಾಕಬಹುದಾದ ಗಾಳಿ) ಕಳೆದರೆ ರೆಸಿಡ್ಯುಯಲ್. ಸುಮ್ನೆ ಬಾಯಿಪಾಠ ಮಾಡಬೇಡಿ, ಲೆಕ್ಕ ಒಮ್ಮೆ ಬರೆದು ನೋಡಿ.

ಉಸಿರು_ಮೇಷ್ಟ್ರು:
ಒಂದು ಮಾತು ಸೇರಿಸುತ್ತೇನೆ, ಇದು ಮುಖ್ಯ. ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವವರಲ್ಲಿ ಸಿಕ್ಕಿಹಾಕಿಕೊಂಡ ಗಾಳಿಗೆ ಹೀಲಿಯಂ ಸರಿಯಾಗಿ ತಲುಪುವುದಿಲ್ಲ, ಹಾಗಾಗಿ ನಿಜಕ್ಕಿಂತ ಕಮ್ಮಿ ತೋರಿಸುತ್ತದೆ. ಅಂಥವರಿಗೆ ಬಾಡಿ ಪ್ಲೆಥಿಸ್ಮೋಗ್ರಫಿ ಒಳ್ಳೆಯದು: ಗಾಳಿಯಾಡದ ಪೆಟ್ಟಿಗೆಯೊಳಗೆ ಕೂರಿಸಿ, ಒತ್ತಡ ಹೆಚ್ಚಿದರೆ ಗಾಳಿಯ ಗಾತ್ರ ಕುಗ್ಗುತ್ತದೆ ಎಂಬ ಬಾಯ್ಲ್ ನಿಯಮದ ಲೆಕ್ಕ.