ಮಗಳು ಕೆಮಿಕಲ್ ಫಿಸಿಕ್ಸ್ ಓದ್ತೀನಿ ಅಂತಾಳೆ, ಎಲ್ಲಿ ಸೇರಿಸೋದು?

ಪ್ರಶ್ನೆ (ಬೀದರ್‌ನಿಂದ): ನಮಸ್ಕಾರ ಮೇಡಂ. ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಕೆಮಿಕಲ್ ಫಿಸಿಕ್ಸೇ ಓದಬೇಕು ಅಂತ ಹಟ ಹಿಡಿದಿದ್ದಾಳೆ. ಬೀದರ್, ಕಲಬುರಗಿಯಲ್ಲಿ ವಿಚಾರಿಸಿದೆ, ಆ ಹೆಸರಿನ ಡಿಗ್ರಿ ಸಿಗಲಿಲ್ಲ. ಅದು ಕೆಮಿಸ್ಟ್ರಿನಾ, ಫಿಸಿಕ್ಸಾ? ಅವಳ ಸೋದರಮಾವ ಸುಮ್ನೆ ಇಂಜಿನಿಯರಿಂಗ್‌ಗೆ ಹಾಕ್ರಿ ಅಂತಿದ್ದಾರೆ.

ಉತ್ತರ: ನಮಸ್ಕಾರ ಸರ್. ಹೆಸರು ಹುಡುಕಬೇಡಿ. ನಾನೂ ಕಲಬುರಗಿಯಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಬಿಎಸ್ಸಿ ಮಾಡಿಯೇ ಈ ಕಡೆ ಬಂದವಳು.

ನಿಮ್ಮೂರಿನ ಬಿದ್ರಿ ಹೂಜಿ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸ್ತಾರೆ. ಆಮೇಲೆ ಹಳೇ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚಿದರೆ ಮೈಯೆಲ್ಲ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತೆ. ಯಾವುದು ಯಾವುದರ ಜೊತೆ ಸೇರಿತು ಅಂತ ಕೇಳಿದರೆ ಕೆಮಿಸ್ಟ್ರಿ. ಆ ತೆಳು ಪದರ ಬೆಳಕನ್ನು ಯಾಕೆ ನುಂಗುತ್ತೆ, ಬೆಳ್ಳಿಯ ಎಲೆಕ್ಟ್ರಾನುಗಳು ಯಾಕೆ ವಾಪಸ್ ಕಳಿಸುತ್ತವೆ ಅಂತ ಕ್ವಾಂಟಮ್ ಲೆಕ್ಕ, ಅಂದರೆ ಎಲೆಕ್ಟ್ರಾನಿನಂಥ ಸಣ್ಣ ಕಣಗಳ ನಿಯಮದ ಲೆಕ್ಕ, ಹಾಕಿ ನೋಡಿದರೆ ಕೆಮಿಕಲ್ ಫಿಸಿಕ್ಸ್. ಫಿಸಿಕಲ್ ಕೆಮಿಸ್ಟ್ರಿಗೂ ಇದಕ್ಕೂ ನಡುವೆ ಗೋಡೆ ಏನಿಲ್ಲ. ಆದರೆ ಆಗಿನ ಫಿಸಿಕಲ್ ಕೆಮಿಸ್ಟ್ರಿ ಪತ್ರಿಕೆಯವರು ಬರೀ ಲೆಕ್ಕದ ಲೇಖನ ಹಾಕೋಕೆ ಹಿಂದೇಟು ಹೊಡೆದರು ಅಂತಲೇ 1933ರಲ್ಲಿ ಜರ್ನಲ್ ಆಫ್ ಕೆಮಿಕಲ್ ಫಿಸಿಕ್ಸ್ ಹುಟ್ಟಿತು.

ಹಾಗಾಗಿ ಗಣಿತ ಬಿಡಬಾರದು. ನಾನು ಡಿಗ್ರಿಯಲ್ಲಿ ಮ್ಯಾಟ್ರಿಕ್ಸನ್ನು ಪಾಸಾದರೆ ಸಾಕು ಅಂತ ಓದಿದೆ. ಎಂಎಸ್ಸಿಯಲ್ಲಿ ಆ ಕ್ವಾಂಟಮ್ ಲೆಕ್ಕದ ಮೂಲ ಸೂತ್ರ, ಶ್ರೋಡಿಂಗರ್ ಸಮೀಕರಣ, ಎದುರಾದಾಗ ಕಣ್ಣೀರೇ ಬಂತು!

ಐಸರ್ ಅನ್ನೋ ಕೇಂದ್ರದ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಗಳಲ್ಲಿ ಐದು ವರ್ಷದ ಬಿಎಸ್-ಎಂಎಸ್ ಇದೆ, ಬೆಂಗಳೂರಿನ ಐಐಎಸ್‌ಸಿಯಲ್ಲಿ ನಾಲ್ಕು ವರ್ಷದ ಬಿಎಸ್. ಸಿಗದಿದ್ದರೆ ಇಲ್ಲೇ ಪಿಸಿಎಂ ಬಿಎಸ್ಸಿ, ಕೊನೇ ವರ್ಷ ಜಾಮ್ ಪರೀಕ್ಷೆ. ಐಐಟಿಗಳ ಎಂಎಸ್ಸಿಗೆ ಅದೇ ದಾರಿ.

ಪ್ರಶ್ನೆ: ನಮ್ಮ ಕಲ್ಯಾಣ ಕರ್ನಾಟಕದವರ 371(ಜೆ) ಮೀಸಲಾತಿ ಅಲ್ಲಿ ನಡೆಯುತ್ತಾ? ನೌಕರಿ?

ಉತ್ತರ: ನಡೆಯಲ್ಲ ಸರ್, ಅವು ಕೇಂದ್ರದ ಸಂಸ್ಥೆಗಳು. ನೌಕರಿ ವಿಷಯ ಮುಚ್ಚಿಡಲ್ಲ. ಬರೀ ಡಿಗ್ರಿಗೆ ನಿಲ್ಲಿಸಿದರೆ ಜಾಸ್ತಿ ದಾರಿ ಇಲ್ಲ, ಎಂಎಸ್ಸಿ, ಪಿಎಚ್‌ಡಿವರೆಗೆ ಓದೋ ತಾಳ್ಮೆ ಬೇಕು. ಅದಿಲ್ಲದಿದ್ದರೆ ಮಾವನ ಮಾತೂ ತಪ್ಪಲ್ಲ.

ಒಂದು ಕೆಲಸ ಮಾಡಿ. ಹೈಡ್ರೋಜನ್ ಎಲೆಕ್ಟ್ರಾನು ಮೂರನೇ ಕಕ್ಷೆಯಿಂದ ಎರಡಕ್ಕೆ ಬಿದ್ದರೆ ಯಾವ ಬಣ್ಣ ಅಂತ ಲೆಕ್ಕ ಹಾಕೋಕೆ ಹೇಳಿ. ಪಿಯುಸಿಯ ಫಿಸಿಕ್ಸ್ ಪುಸ್ತಕದಲ್ಲೂ ಇದೆ, ಕೆಮಿಸ್ಟ್ರಿ ಪುಸ್ತಕದಲ್ಲೂ ಇದೆ. ಬೇಜಾರಾಗುತ್ತಾ, ಖುಷಿಯಾಗುತ್ತಾ ನೋಡಿ.

ಪ್ರಶ್ನೆ ಕೇಳಿದವರು: ಹಾಕಿದಳು ಮೇಡಂ. 656 ನ್ಯಾನೊಮೀಟರ್, ಕೆಂಪು ಅಂತೆ. ಈಗ ನಾಲ್ಕರಿಂದ ಎರಡಕ್ಕೆ ಹಾಕ್ತಾ ಕೂತಿದ್ದಾಳೆ, ಊಟಕ್ಕೆ ಕರೆದರೂ ಏಳ್ತಿಲ್ಲ.