ಉಲ್ಲೇಖ ಮಾಡಿದ್ದೋ, ಬಂದದ್ದೋ? ‘ಸೈಟೇಶನ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಹುಬ್ಬಳ್ಳಿಯ ಹಿರಿಯ ಎಲುಬು-ಕೀಲು ಶಸ್ತ್ರವೈದ್ಯರೊಬ್ಬರ ಅಭಿನಂದನ ಗ್ರಂಥಕ್ಕೆ ಅವರ ಸಂಶೋಧನೆಯ ಪರಿಚಯ ಬರೆದುಕೊಡುವ ಕೆಲಸ ಧಾರವಾಡದಲ್ಲಿರುವ ನನ್ನ ಪಾಲಿಗೆ ಬಂದಿದೆ. ನಾನು ವೈದ್ಯನಲ್ಲ. ಅವರ ಲೇಖನಗಳ ಪಟ್ಟಿಯನ್ನೂ ಪ್ರತಿ ಲೇಖನದ ಮುಂದೆ ‘ಸೈಟೇಶನ್’ ಎಷ್ಟು, ಅಂದರೆ ಬೇರೆ ಸಂಶೋಧಕರು ತಮ್ಮ ಲೇಖನಗಳಲ್ಲಿ ಅದನ್ನು ಎಷ್ಟು ಸಲ ಹೆಸರಿಸಿದ್ದಾರೆ ಎಂಬ ಅಂಕಿಯನ್ನೂ ಅವರ ಶಿಷ್ಯರು ಇಂಗ್ಲಿಷಿನಲ್ಲಿ ಕೊಟ್ಟಿದ್ದಾರೆ. ಆ ಒಂದು ಪದದ ಬಳಿ ಬರವಣಿಗೆ ನಿಂತುಹೋಗಿದೆ.

ಶಾಸ್ತ್ರದ ಹೆಸರಿನಲ್ಲಿ ಅಷ್ಟು ತೊಡಕಿಲ್ಲ. ನಮ್ಮ ಕಡೆಯ ದವಾಖಾನೆಯ ಫಲಕಗಳಲ್ಲಿ ‘ಎಲುಬು ಮತ್ತು ಕೀಲು ತಜ್ಞರು’ ಎಂದಿರುತ್ತದೆ, ಬೆಂಗಳೂರಿನ ಕಡೆ ‘ಮೂಳೆ’ ಎಂದಿರುತ್ತದೆ. ಹುಬ್ಬಳ್ಳಿಯ ವೈದ್ಯರ ಗ್ರಂಥಕ್ಕೆ ಎಲುಬೇ ಸರಿ. ‘ಆರ್ಥೊಪೀಡಿಕ್ಸ್’ ಎಂಬ ಹೆಸರನ್ನು 1741ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರಿ ಎಂಬ ವೈದ್ಯ ಗ್ರೀಕಿನ ‘ನೇರ’ ಮತ್ತು ‘ಮಗು’ ಎಂಬ ಅರ್ಥದ ಪದಗಳನ್ನು ಕೂಡಿಸಿ ಕಟ್ಟಿದ. ಸೊಟ್ಟಗೆ ಬೆಳೆದ ಎಳೆಯ ಗಿಡವನ್ನು ಗೂಟಕ್ಕೆ ಕಟ್ಟಿ ನೆಟ್ಟಗೆ ಮಾಡುವುದನ್ನು ತೋರಿಸುವ, ಅವನ ಪುಸ್ತಕದಲ್ಲಿದ್ದ ಚಿತ್ರವೇ ಇಂದಿಗೂ ಈ ಶಾಖೆಯ ಲಾಂಛನವಾಗಿದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎನ್ನುವ ನಮಗೆ ಆ ಚಿತ್ರದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ತೊಡಕಿರುವುದು ‘ಸೈಟೇಶನ್’ನಲ್ಲಿ. ಮೊದಲು ನಾನು ‘ಉಲ್ಲೇಖ’ ಎಂದೇ ಬರೆದಿದ್ದೆ. ಆದರೆ ಸರ್ಕಾರಿ ಪತ್ರಗಳಲ್ಲಿ ‘ವಿಷಯ’ದ ಕೆಳಗೆ ‘ಉಲ್ಲೇಖ’ ಎಂದು ಹಿಂದಿನ ಪತ್ರದ ಸಂಖ್ಯೆಯನ್ನೂ ದಿನಾಂಕವನ್ನೂ ನಮೂದಿಸುತ್ತಾರಲ್ಲ, ಅಲ್ಲಿ ಅದು ಬರೆಯುವವರು ತಮಗಿಂತ ಹಿಂದಿನದರತ್ತ ತೋರಿಸುವ ಬೆರಳು. ನನ್ನ ಪಟ್ಟಿಯಲ್ಲಿರುವುದು ಅದಕ್ಕೆ ತದ್ವಿರುದ್ಧ: ಮುಂದೆ ಬಂದ ಸಂಶೋಧಕರು ಈ ವೈದ್ಯರತ್ತ ತೋರಿಸಿದ ಬೆರಳುಗಳ ಎಣಿಕೆ. ‘ಈ ಲೇಖನದ ಉಲ್ಲೇಖಗಳು 40’ ಎಂದು ಬರೆದರೆ, ಅವರು 40 ಕಡೆಯಿಂದ ಆಧಾರ ತೆಗೆದುಕೊಂಡರೆಂದೂ ಆದೀತು, 40 ಜನ ಅವರನ್ನು ಆಧಾರ ಮಾಡಿಕೊಂಡರೆಂದೂ ಆದೀತು. ಕಿರ್ದಿಯಲ್ಲಿ ಜಮಾ ಮತ್ತು ಖರ್ಚನ್ನು ಒಂದೇ ಬದಿಗೆ ಬರೆದಂತೆ. ವಿಭಕ್ತಿ ಸ್ವಲ್ಪ ಕೈ ಹಿಡಿಯುತ್ತದೆ, ನಿಜ: ‘ಲೇಖನದಲ್ಲಿ 40 ಉಲ್ಲೇಖಗಳಿವೆ’ ಎಂದರೆ ಮಾಡಿದ್ದು, ‘ಲೇಖನಕ್ಕೆ 40 ಉಲ್ಲೇಖಗಳು ಬಂದಿವೆ’ ಎಂದರೆ ಪಡೆದದ್ದು. ಆದರೆ ಕೋಷ್ಟಕದ ತಲೆಬರಹದಲ್ಲಿ ವಿಭಕ್ತಿಗೆ ಜಾಗವೆಲ್ಲಿದೆ?

‘ಉದ್ಧರಣೆ’ ಹೊಂದುವುದಿಲ್ಲ, ಅದು ಇನ್ನೊಬ್ಬರ ಮಾತನ್ನು ಇದ್ದಂತೆಯೇ ಎತ್ತಿಕೊಳ್ಳುವುದು. ಶಸ್ತ್ರವೈದ್ಯರು ಸಾಮಾನ್ಯವಾಗಿ ಮಾತನ್ನಲ್ಲ, ವಿಧಾನವನ್ನೋ ಫಲಿತಾಂಶವನ್ನೋ ಎತ್ತಿಕೊಳ್ಳುತ್ತಾರೆ. ಗೆಳೆಯರೊಬ್ಬರು ಪೂರ್ವಕವಿಸ್ಮರಣೆಯ ಮಾದರಿಯಲ್ಲಿ ‘ಸ್ಮರಣೆ’ ಎಂಬ ಪದವನ್ನು ಸೂಚಿಸಿದರು. ಕೇಳಲು ಚೆಲುವಾಗಿದೆ. ಆದರೆ ನಮ್ಮ ಕಾವ್ಯಗಳಲ್ಲಿ ಪೂರ್ವಕವಿಸ್ಮರಣೆ ಬೇರೆ, ಕುಕವಿನಿಂದೆ ಬೇರೆ. ಈ ಅಂಕಿಯಲ್ಲಾದರೋ ಎರಡೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ‘ಇಂಥವರ ವಿಧಾನ ತಪ್ಪು’ ಎಂದು ಬರೆದವರ ಉಲ್ಲೇಖವೂ ಒಂದೇ, ಮೆಚ್ಚಿ ಬರೆದವರದೂ ಒಂದೇ. ಇದೇ ಕಾರಣಕ್ಕೆ ‘ಮನ್ನಣೆ’ಯನ್ನೂ ಕೈಬಿಟ್ಟೆ.

‘ಸೈಟೇಶನ್’ ಜೊತೆಗೇ ಬರುವ ಇನ್ನೊಂದು ಪದ ‘ಇಂಪ್ಯಾಕ್ಟ್’. ಅದಕ್ಕೆ ‘ಪರಿಣಾಮ’ ಎಂದರೆ ವೈದ್ಯಕೀಯ ಬರಹದಲ್ಲಿ ಓದುಗರು ಅದನ್ನು ಚಿಕಿತ್ಸೆಯ ಪರಿಣಾಮವೆಂದೇ ತಿಳಿಯುತ್ತಾರೆ. ‘ಪ್ರಭಾವ’ ಎಂದರೆ, ಪ್ರಭಾವ ಬೀರಿ ಹುದ್ದೆ ಪಡೆದರೆಂಬ ವಶೀಲಿಯ ವಾಸನೆ ಬರುತ್ತದೆ. ಅಭಿನಂದನ ಗ್ರಂಥದಲ್ಲಿ ಅದು ಬೇಡ. ‘ರಿಸರ್ಚ್ ಔಟ್‌ಪುಟ್’ ಎಂಬುದನ್ನು ಯಾರೋ ‘ಸಂಶೋಧನಾ ಉತ್ಪನ್ನ’ ಎಂದು ಅನುವಾದಿಸಿಕೊಟ್ಟಿದ್ದರು. ಓದಿದಾಗ ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆ ನೆನಪಾಯಿತು. ಅದನ್ನು ‘ಪ್ರಕಟಿತ ಸಂಶೋಧನೆ’ ಎಂದು ತಿದ್ದಿದ್ದೇನೆ.

ಎಣಿಕೆಗೂ ಪ್ರಭಾವಕ್ಕೂ ಇರುವ ಅಂತರವನ್ನು ಈ ಶಾಖೆಯದೇ ಒಂದು ಉದಾಹರಣೆ ಚೆನ್ನಾಗಿ ತೋರಿಸುತ್ತದೆ. ಅಮೆರಿಕದ ವಿಲಿಯಂ ಹ್ಯಾರಿಸ್ 1969ರಲ್ಲಿ, ಕೀಲು ತಪ್ಪಿಯೋ ಎಲುಬು ಮುರಿದೋ ಸವೆದ ಸೊಂಟದ ಕೀಲಿಗೆ ಲೋಹದ ಬಟ್ಟಲನ್ನು ತೊಡಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಒಂದು ಲೇಖನ ಬರೆದರು. ಕೀಲನ್ನೇ ಪೂರ್ತಿಯಾಗಿ ಬದಲಿಸುವ ಶಸ್ತ್ರಚಿಕಿತ್ಸೆ ಬಂದ ಮೇಲೆ ಆ ವಿಧಾನ ಹಿಂದೆ ಸರಿಯಿತು. ಆದರೂ ಆ ಲೇಖನವನ್ನು ಸಾವಿರಾರು ಸಂಶೋಧಕರು ಉಲ್ಲೇಖಿಸಿದ್ದಾರೆ, ಏಕೆಂದರೆ ಫಲಿತಾಂಶವನ್ನು ಅಳೆಯಲು ನೋವಿಗೆ 44, ಓಡಾಟ ಮತ್ತು ದಿನನಿತ್ಯದ ಕೆಲಸಗಳಿಗೆ 47 ಎಂಬಂತೆ 100 ಅಂಕಗಳ ಒಂದು ಮಾಪನವನ್ನು ಅವರು ಅದರಲ್ಲಿ ಕೊಟ್ಟಿದ್ದರು. ಉಲ್ಲೇಖ ಬಹುಪಾಲು ಅಳತೆಗೋಲಿಗೆ, ಶಸ್ತ್ರಚಿಕಿತ್ಸೆಗಲ್ಲ.

ಇನ್ನು, ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ‘ಎಚ್-ಇಂಡೆಕ್ಸ್’. ಒಬ್ಬರ ಎಚ್ 12 ಎಂದರೆ, ಕನಿಷ್ಠ 12 ಸಲ ಉಲ್ಲೇಖಗೊಂಡ 12 ಲೇಖನಗಳು ಅವರಿಗಿವೆ, ಆದರೆ ಕನಿಷ್ಠ 13 ಸಲ ಉಲ್ಲೇಖಗೊಂಡ 13 ಲೇಖನಗಳಿಲ್ಲ ಎಂದರ್ಥ. ಬೆಲೆ ಸೂಚ್ಯಂಕ ಬಳಕೆಯಲ್ಲಿರುವುದರಿಂದ ‘ಎಚ್-ಸೂಚ್ಯಂಕ’ ಎನ್ನಲು ಅಡ್ಡಿಯಿಲ್ಲ. ‘ಹೆಚ್’ ಎಂದು ಬರೆದರೆ ಮಾತ್ರ ‘ಹೆಚ್ಚು’ ಎಂಬುದರ ಅರ್ಧ ರೂಪದಂತೆ ಕಾಣುತ್ತದೆ. ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬುದು ಒಂದು ಸಂಶೋಧನಾ ಪತ್ರಿಕೆಯ ಇತ್ತೀಚಿನ ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖಗಳು ಬಂದಿವೆ ಎಂಬ ಅಂಕಿ. ಅದು ಪತ್ರಿಕೆಗೆ ಸೇರಿದ್ದು, ಲೇಖಕರಿಗಲ್ಲ. ಆದ್ದರಿಂದ ‘ಪ್ರಭಾವಾಂಕ’ ಎಂಬುದನ್ನು ಪತ್ರಿಕೆಗಳಿಗಷ್ಟೇ ಮೀಸಲಿಟ್ಟಿದ್ದೇನೆ.

ಸದ್ಯ ವಾಕ್ಯದೊಳಗೆ ನಾಮಪದವನ್ನೇ ಬಿಟ್ಟು, ‘ಈ ಲೇಖನವನ್ನು ನಂತರದ ಸಂಶೋಧಕರು 40 ಸಲ ಉಲ್ಲೇಖಿಸಿದ್ದಾರೆ’ ಎಂದು ಕ್ರಿಯಾಪದದಲ್ಲಿ ಬರೆದಿದ್ದೇನೆ. ಯಾರು ಯಾರನ್ನು ಎಂಬ ಗೊಂದಲ ಅಲ್ಲಿ ಉಳಿಯುವುದಿಲ್ಲ. ಕೋಷ್ಟಕದ ತಲೆಬರಹಕ್ಕೆ ‘ಬಂದ ಉಲ್ಲೇಖಗಳು’ ಎಂದು ಹಾಕಿದ್ದೇನೆ. ಗ್ರಂಥಾಲಯ ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವವರು ‘ಮಾಡಿದ’ ಮತ್ತು ‘ಬಂದ’ ಉಲ್ಲೇಖಗಳಿಗೆ ಬೇರೆ ಬೇರೆ ಪದಗಳನ್ನು ಬಳಸುತ್ತಾರೆಯೇ? ಬಳಸುವುದಾದರೆ, ಅವು ಗದಗ, ಹಾವೇರಿಯ ಸಾಮಾನ್ಯ ಓದುಗರಿಗೂ ತಿಳಿಯುವಂಥವೇ?